ಅಕ್ಕನಿಗೆ, ಪತ್ರಿಕೆಗಳ ಕಟ್ಟಿನ ಜೊತೆ

ನಂದವರಂ
ಕಾರಹುಣ್ಣಿಮೆಯ ಮರುದಿನ

 

ಹಬ್ಬ ಚೆನ್ನಾಗಿಯೇ ಆಯಿತು. ಊರಲ್ಲಿ ಎತ್ತುಗಳು ಬೆರಳೆಣಿಕೆಯಷ್ಟು ಉಳಿದಿವೆ. ಕೊಂಬಿಗೆ ಬಳಿದ ಬಣ್ಣಕ್ಕಿಂತ ಟ್ರ್ಯಾಕ್ಟರಿನ ಮೂತಿಗೆ ಹಾಕಿದ ಹಾರವೇ ಹೆಚ್ಚು ಕಂಡಿತು. ಮಳೆ ಒಂದು ಸಲ ಬಿದ್ದು ಮುನಿಸಿಕೊಂಡಿದೆ. ಅಷ್ಟಕ್ಕೇ ಜೊನ್ನಗಿರಿ, ತುಗ್ಗಲಿ ಕಡೆಯ ಹೊಲಗಳಿಗೆ ವಜ್ರ ಹುಡುಕುವ ಜನ ಬುತ್ತಿ ಕಟ್ಟಿಕೊಂಡು ಹೊರಟೂ ಆಯಿತು.

ಈ ಕಾಗದವನ್ನು ನಿನ್ನ ಮೊಮ್ಮಗಳು ಪುಟ್ಟಿಯೇ ಓದಿ ಹೇಳಬೇಕಲ್ಲ. ಪುಟ್ಟೀ, ನಡುವೆ ಅಜ್ಜಿ "ಸಾಕು ಬಿಡವಾ" ಅಂದರೆ ನಿಲ್ಲಿಸಬೇಡ. ಹಾಗೆ ಅಂದಾಗಲೇ ಅವಳು ಕಿವಿಗೊಟ್ಟು ಕೇಳುತ್ತಿರುತ್ತಾಳೆ.

ಅಕ್ಕಾ, ಮೊನ್ನೆ ಫೋನಿನಲ್ಲಿ ನೀನು ಕೇಳಿದ ಮಾತಿಗೆ ಅಲ್ಲೇ ಉತ್ತರ ಕೊಡಬಹುದಿತ್ತು. ಆದರೆ ಫೋನಿನಲ್ಲಿ ನೀನು "ಹೂಂ" ಅಂದರೆ, ಕೇಳಿಸಿಕೊಂಡ ಹೂಂ ಯಾವುದು, ಒಲೆಯ ಮೇಲಿನ ಹಾಲು ನೋಡುತ್ತ ಅಂದ ಹೂಂ ಯಾವುದು ತಿಳಿಯುವುದಿಲ್ಲ. ನೀನು ಕೇಳಿದ್ದು ಹೀಗೆ: "ಈ ವಯಸ್ಸಿನಾಗ ಆ ಹುಡುಗರ ವಿಜ್ಞಾನದ ಪುಸ್ತಕ ಓದಿ ಏನು ಮಾಡ್ತೀಯೋ? ಪರೀಕ್ಷಾ ಕಟ್ಟೋದೈತೇನು?"

ಏನೂ ಮಾಡುವುದಿಲ್ಲ. ಆದೋನಿಯ ಹತ್ತಿ ಜಿನ್ನಿನಲ್ಲಿ ಜೀವಮಾನವೆಲ್ಲ ಗುಮಾಸ್ತಿಕೆ ಮಾಡಿದವನು ನಾನು. ಬರೆದದ್ದೆಲ್ಲ ಜಮೆಗೋ ಖರ್ಚಿಗೋ ಹೋಗಲೇಬೇಕು ಅನ್ನುವ ಹಂಗು ಸಾಕಾಗಿಬಿಟ್ಟಿದೆ. ಈ ಪತ್ರಿಕೆಗಳಲ್ಲಿ ಓದಿದ್ದು ಯಾವ ಖಾತೆಗೂ ಹೋಗುವುದಿಲ್ಲ. ಆದರೂ ನನಗೆ ಈ ಚಟ ಹಚ್ಚಿದವರು ಯಾರು ಅಂತ ನೀನು ಮರೆತ ಹಾಗಿದೆ.

ಆದೋನಿ ಸೀಮೆ ಬಳ್ಳಾರಿ ಜಿಲ್ಲೆಯಿಂದ ಬಿಟ್ಟು 1953ರಲ್ಲಿ ಆಂಧ್ರಕ್ಕೆ ಸೇರಿದ ಮೇಲೆ ಹುಟ್ಟಿದವರು ನಾವು. ಮನೆಯಲ್ಲಿ ಕನ್ನಡ, ಬೀದಿಗಿಳಿದರೆ ತೆಲುಗು. ಓದಲು ಕನ್ನಡದ ಹಾಳೆ ಬೇಕೆಂದರೆ ಹೊಳೆಯ ಆಚೆಯಿಂದಲೇ ಬರಬೇಕು. ನೀನು ಮದುವೆಯಾಗಿ ರಾಯಚೂರಿಗೆ ಹೋದದ್ದರಿಂದ ಮನೆಗೆ ಆದ ನಷ್ಟದ ಲೆಕ್ಕ ಅವ್ವ ಇಡುತ್ತಿದ್ದಳು. ನನಗಾದ ಲಾಭವೆಂದರೆ ಬಸ್ಸಿನ ಕಂಡಕ್ಟರ ಕೈಯಲ್ಲಿ ಬರುತ್ತಿದ್ದ ನಿನ್ನ ಬಟ್ಟೆಚೀಲ. ಅದರಲ್ಲಿ ಶೇಂಗಾದ ಹೋಳಿಗೆ, ಅದರ ಅಡಿಗೆ ನೀನು ಓದಿ ಮುಗಿಸಿದ 'ಸುಧಾ', ಆಗಿನ್ನೂ ಹೊಸದಾಗಿದ್ದ 'ಬಾಲ ವಿಜ್ಞಾನ', ಮಾವನವರ ಅಟ್ಟದಿಂದ ಇಳಿಸಿದ, ಪಾ.ವೆಂ. ಆಚಾರ್ಯರು ಸಂಪಾದಕರಾಗಿದ್ದ ಕಾಲದ 'ಕಸ್ತೂರಿ'. ಕೆಲವು ಪುಟಗಳಿಗೆ ಎಣ್ಣೆಯ ಕಲೆ. ಅಂಚಿನಲ್ಲಿ ಪೆನ್ಸಿಲಿನಿಂದ ನಿನ್ನದೊಂದು ಪ್ರಶ್ನೆ. ಪುಟ ಯಾವುದೇ ಇರಲಿ, ಪ್ರಶ್ನೆ ಮಾತ್ರ ಹೆಚ್ಚುಕಡಿಮೆ ಒಂದೇ: "ಇದು ಇವರಿಗೆ ಹೆಂಗ ಗೊತ್ತಾತು?" ಚಂದ್ರ ಇಷ್ಟು ದೂರ ಅಂತ ಬರೆದಿದ್ದರೆ ಅದರ ಪಕ್ಕ, ಇರುವೆ ವಾಸನೆ ಹಿಡಿದು ನಡೆಯುತ್ತದೆ ಅಂತಿದ್ದರೆ ಅದರ ಪಕ್ಕ. ಉತ್ತರ ಮುಂದಿನ ಸಾಲಿನಲ್ಲೇ ಸಿಕ್ಕಿದ್ದರೆ ಒಂದು ಗೀಟು ಹಾಕಿ ಹೊಡೆದುಹಾಕುತ್ತಿದ್ದೆ. ಸಿಗದಿದ್ದರೆ ಪ್ರಶ್ನೆಯನ್ನು ಹಾಗೇ ಬಿಟ್ಟು ನನಗೆ ಕಳಿಸುತ್ತಿದ್ದೆ.

ಅಂದಿನಿಂದ ಯಾವ ವಿಜ್ಞಾನ ಬರಹ ಕೈಗೆ ಬಂದರೂ ನಾನು ಅಳೆಯುವುದು ನಿನ್ನ ಆ ಗೀಟಿನಿಂದಲೇ. ಬೆರಗು ಹುಟ್ಟಿಸುವುದು ಸುಲಭ. 'ನಿಮಗಿದು ಗೊತ್ತೆ?' ಅಂತ ಡಬ್ಬಿ ಕಟ್ಟಿ ಒಂದು ದೊಡ್ಡ ಸಂಖ್ಯೆ ತುಂಬಿಬಿಟ್ಟರೆ ಮುಗಿಯಿತು. ನನಗೆ ಗೊತ್ತಿಲ್ಲ ಅಂತ ನನಗೂ ಗೊತ್ತು. ನಿಮಗೆ ಹೇಗೆ ಗೊತ್ತಾಯಿತು ಅಂತ ಹೇಳ್ರಪ್ಪ. ಈಗಂತೂ ವಾಟ್ಸಾಪಿನಲ್ಲಿ ಬರುವುದೆಲ್ಲ 'ವಿಜ್ಞಾನಿಗಳೇ ಬೆಚ್ಚಿಬಿದ್ದರು' ಎಂಬ ತಲೆಬರಹದ್ದೇ. ವಿಜ್ಞಾನಿಗಳು ಅಷ್ಟೊಂದು ಬೆಚ್ಚಿಬೀಳುವ ಜನ ಅಲ್ಲ ಅಂತ ನನ್ನ ಅನಿಸಿಕೆ.

ಗ್ರಹಣದ ವಿಷಯವನ್ನೇ ತೆಗೆದುಕೋ. 1980ರ ಫೆಬ್ರವರಿ 16, ಶನಿವಾರ. ಅಂಕೋಲೆಯ ಕಡೆಯಿಂದ ಏರಿದ ನೆರಳು ಹುಬ್ಬಳ್ಳಿ ದಾಟಿ ನಿಮ್ಮ ರಾಯಚೂರಿನ ಮೇಲೆ ಹಾದು ಹೋಯಿತು. ಮಧ್ಯಾಹ್ನದಲ್ಲಿ ಕತ್ತಲೆ. ಬೀದಿಯಲ್ಲಿ ನರಪಿಳ್ಳೆ ಇಲ್ಲ. ನೀನು ಮೊದಲ ಬಸುರಿ. (ಪುಟ್ಟೀ, ಆಗ ಹೊಟ್ಟೆಯಲ್ಲಿದ್ದವಳು ನಿಮ್ಮ ಅಮ್ಮ.) ನಿನ್ನನ್ನು ಒಳಕೋಣೆಯಲ್ಲಿ ಮಲಗಿಸಿ, ಕಿಟಕಿಗೆ ಕಂಬಳಿ ಕಟ್ಟಿ, ಕೈಯಲ್ಲಿ ಸೂಜಿ ಸಹ ಹಿಡಿಯಬಾರದು ಅಂತ ಅತ್ತೆ ಬಾಗಿಲಲ್ಲಿ ಕೂತಿದ್ದರಂತೆ. ಆಮೇಲೆ ಬಂದ ಪತ್ರಿಕೆಯೊಂದರಲ್ಲಿ ನೀನು ಓದಿದ್ದೇನು? ಅದೇ ಹೊತ್ತಿನಲ್ಲಿ ನಿಮ್ಮದೇ ಜಿಲ್ಲೆಯ ಜವಳಗೇರಾದಲ್ಲಿ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯವರು ದೂರದರ್ಶಕಗಳನ್ನು ನೆಟ್ಟುಕೊಂಡು ಡೇರೆ ಹಾಕಿದ್ದರು! ಎಲ್ಲೆಲ್ಲಿಂದಲೋ ಜನ ಬಂದು ಮುಖವೆತ್ತಿ ನೋಡಿದ್ದನ್ನು ನೀನು ಕಂಬಳಿಯ ಹಿಂದೆ ಕಳೆದುಕೊಂಡಿದ್ದೆ. ಆ ಸಲ ಬಂದ ಚೀಲದಲ್ಲಿ ಹೋಳಿಗೆ ಇರಲಿಲ್ಲ. ಪತ್ರಿಕೆಯ ಅಂಚಿನಲ್ಲಿ ಪ್ರಶ್ನೆಯೂ ಇರಲಿಲ್ಲ. 'ಥೂ' ಅಂತ ಒಂದೇ ಅಕ್ಷರವಿತ್ತು.

ಅವರು ಅಷ್ಟು ಸಾಮಾನು ಹೊತ್ತು ಜವಳಗೇರಾಕ್ಕೆ ಯಾಕೆ ಬಂದರು ಅನ್ನುವುದು ನನಗೆ ಪೂರ್ತಿ ತಿಳಿದದ್ದು ಬಹಳ ಕಾಲದ ಮೇಲೆ, ಇನ್ನೊಂದು ಲೇಖನದಿಂದ. ಅದನ್ನು ಹರಿದು ಕಟ್ಟಿನ ಮೇಲೇ ಇಟ್ಟಿದ್ದೇನೆ. ಕತೆ ಶುರುವಾಗುವುದು 1868ರ ಆಗಸ್ಟ್ 18ರ ಗ್ರಹಣದಿಂದ. ಆ ನೆರಳು ಜಮಖಂಡಿಯಿಂದ ಗುಂಟೂರಿನ ಕಡೆಗೆ ಹೋಯಿತು, ಅಂದರೆ ಅದೂ ನಿಮ್ಮ ಮೇಲೆಯೇ ಹಾದಿರಬೇಕು. ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಕಾದಿದ್ದ. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲ್‌ನ ಮೊಮ್ಮಗ ಅವನು. ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್. ಇಬ್ಬರ ಕೈಯಲ್ಲೂ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸುವ ರೋಹಿತದರ್ಶಕ. ದನಕ್ಕೆ ಬರೆ ಎಳೆದು ಯಾರ ಮನೆಯದು ಅಂತ ಗುರುತು ಮಾಡುತ್ತಾರಲ್ಲ, ಹಾಗೆ ಕಾದು ಹೊಳೆಯುವ ಪ್ರತಿ ಮೂಲವಸ್ತುವಿಗೂ ಅದರದೇ ಬಣ್ಣದ ಗೆರೆಗಳಿರುತ್ತವೆ. ಸೂರ್ಯನ ಅಂಚಿನ ಕೆಂಪು ಜ್ವಾಲೆಗಳ ಬೆಳಕನ್ನು ಬಿಡಿಸಿದಾಗ ಒಂದು ಹಳದಿ ಗೆರೆ ಕಂಡಿತು. ಮೊದಲು ಅದನ್ನು ಸೋಡಿಯಂನದು ಅಂದುಕೊಂಡರು. ಅಳೆದು ನೋಡಿದರೆ ಜಾಗ ಚೂರು ತಪ್ಪುತ್ತಿತ್ತು. ಭೂಮಿಯ ಮೇಲಿನ ಯಾವ ವಸ್ತುವಿಗೂ ಅದು ಹೊಂದಲಿಲ್ಲ. ಹಾಗಾದರೆ ಇದು ಸೂರ್ಯನಲ್ಲಿರುವ ಹೊಸ ವಸ್ತುವೇ ಇರಬೇಕು ಅಂತ ಇಂಗ್ಲೆಂಡಿನ ಲಾಕಿಯರ್ ವಾದ ಹೂಡಿದ. ಅದೇ ಹೀಲಿಯಂ. 1895ರಲ್ಲಿ ರಾಮ್ಸೆ ಎಂಬ ರಸಾಯನ ವಿಜ್ಞಾನಿಗೆ ಯುರೇನಿಯಂ ಅದಿರಿನಿಂದ ಹೊರಬಂದ ಅನಿಲದಲ್ಲಿ ಅದೇ ಹಳದಿ ಗೆರೆ ಸಿಕ್ಕಿತು. ಅಲ್ಲಿಗೆ ಆ ವಾದ ಗೆದ್ದಿತು.

ಅವಸರದ ಲೇಖಕನಾಗಿದ್ದರೆ ಇಲ್ಲಿಗೆ ಚಪ್ಪಾಳೆ ತಟ್ಟಿ ಮುಗಿಸುತ್ತಿದ್ದ. ಈ ಪುಣ್ಯಾತ್ಮ ಮುಂದೆ ಹೋಗಿದ್ದಾನೆ. ಮರುವರ್ಷ, 1869ರ ಗ್ರಹಣದಲ್ಲಿ, ಸೂರ್ಯನ ಸುತ್ತಲಿನ ಪ್ರಭಾವಳಿಯಲ್ಲಿ ಒಂದು ಹಸಿರು ಗೆರೆ ಕಂಡಿತಂತೆ. ಅದೂ ಯಾವುದಕ್ಕೂ ಹೊಂದಲಿಲ್ಲ. ಮತ್ತೆ ಅದೇ ವಾದ, ಮತ್ತೊಂದು ಹೊಸ ವಸ್ತು, ಅದಕ್ಕೆ 'ಕೊರೋನಿಯಂ' ಎಂಬ ಹೆಸರು. ಈ ಸಲ ವಾದ ಸೋತಿತು. 1940ರ ಆಸುಪಾಸಿನಲ್ಲಿ ತಿಳಿದದ್ದೇನೆಂದರೆ ಅದು ನಮ್ಮ ಕುಡುಗೋಲಿನ ಕಬ್ಬಿಣವೇ, 13 ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಕಬ್ಬಿಣ. ಕಬ್ಬಿಣ ಆ ಸ್ಥಿತಿಗೆ ಬರಬೇಕಾದರೆ ಹತ್ತು ಲಕ್ಷ ಡಿಗ್ರಿಯ ಮೇಲೆ ಶಾಖ ಬೇಕು. ಸೂರ್ಯನ ಮೈ ಸುಮಾರು 5,500 ಡಿಗ್ರಿ ಇದ್ದರೆ ಅದರ ಸುತ್ತಲಿನ ತೆಳು ಪ್ರಭಾವಳಿ ಅದಕ್ಕಿಂತ ನೂರಾರು ಪಟ್ಟು ಬಿಸಿ! ಬೆಂಕಿಯಿಂದ ದೂರ ಸರಿದಷ್ಟೂ ಬಿಸಿ ಹೆಚ್ಚುವುದು ಹೇಗೆ ಎಂಬ ಜಗಳ ಇವತ್ತಿಗೂ ಹರಿದಿಲ್ಲ. ಆ ಪ್ರಭಾವಳಿಯನ್ನು ಕಣ್ಣಾರೆ ನೋಡಲು ಸಿಗುವುದು ಪೂರ್ಣ ಗ್ರಹಣದ ಕೆಲವೇ ನಿಮಿಷ. ಜವಳಗೇರಾದ ಡೇರೆಗಳು ಅದಕ್ಕಾಗಿ. ಒಂದೇ ಬಗೆಯ ವಾದ ಒಮ್ಮೆ ಗೆದ್ದು ಒಮ್ಮೆ ಸೋತದ್ದನ್ನು ಪಕ್ಕಪಕ್ಕ ಇಟ್ಟು ತೋರಿಸಿದನಲ್ಲ, ಅಂಥ ಲೇಖಕನ ಕೈಗೆ ಮುತ್ತು ಕೊಡಬೇಕು ಅನ್ನಿಸುತ್ತದೆ.

1868ರ ಗ್ರಹಣವಾಗಿ ಸರಿಯಾಗಿ ಐವತ್ತು ವರ್ಷಕ್ಕೆ, 1918ರಲ್ಲಿ, ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರರೂ ಸೇರಿ 'ವಿಜ್ಞಾನ' ಅಂತಲೇ ಹೆಸರಿಟ್ಟು ಕನ್ನಡದಲ್ಲಿ ಮಾಸಪತ್ರಿಕೆ ತೆಗೆದರು. ಬೆಳ್ಳಾವೆಯವರು ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಪಂಪಭಾರತವನ್ನು ಸಂಪಾದಿಸಿದವರೂ ಅವರೇ. ಕಾಲೇಜಿನಲ್ಲಿ ವಿಜ್ಞಾನವೆಂದರೆ ಇಂಗ್ಲಿಷೇ ಆಗಿದ್ದ ಆ ದಿನಗಳಲ್ಲಿ ಇವರು ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದರು? ನಿನ್ನಂಥವರನ್ನು, ನನ್ನಂಥವರನ್ನು ಅಂತ ನಾನು ನಂಬಿದ್ದೇನೆ. ಪತ್ರಿಕೆ ನಡೆದದ್ದು ಎರಡೇ ವರ್ಷ. ಆಮೇಲೆ ಕಾರಂತರು ಕೂತು 'ವಿಜ್ಞಾನ ಪ್ರಪಂಚ'ದ ಸಂಪುಟಗಳನ್ನು ಒಬ್ಬರೇ ಬರೆದರು. 1978ರಲ್ಲಿ 'ಬಾಲ ವಿಜ್ಞಾನ' ಬಂತು, ಅದರ ಹಿಂದೆಯೇ 1980ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು.

ನೀನು 'ಹುಡುಗರ ಪುಸ್ತಕ' ಅಂದದ್ದು ಆ 'ಬಾಲ ವಿಜ್ಞಾನ'ವನ್ನೇ. ಇರಲಿ. ಜೆ.ಆರ್. ಲಕ್ಷ್ಮಣರಾಯರು ಅದರ ಸಂಪಾದಕರಾಗಿದ್ದಾಗಿನ ಸಂಚಿಕೆಗಳನ್ನು ಪುಟ್ಟಿಯಿಂದ ಓದಿಸು. ಮೈಸೂರಿನಲ್ಲಿ ರಸಾಯನಶಾಸ್ತ್ರ ಕಲಿಸಿದವರು. ವಾಕ್ಯಗಳು ಗಿಡ್ಡ, ಹೇಳುವುದನ್ನು ಹೇಳಿ ಕೈ ತೊಳೆದುಕೊಳ್ಳುತ್ತಾರೆ. ಮಕ್ಕಳಿಗೆ ಬರೆಯುವವನಿಗೆ ದೊಡ್ಡ ದೊಡ್ಡ ಶಬ್ದಗಳ ಮರೆಯಲ್ಲಿ ಅಡಗಲು ಬರುವುದಿಲ್ಲ, ತನಗೆ ತಿಳಿಯದ್ದು ಅಲ್ಲೇ ಬಯಲಾಗುತ್ತದೆ. ದೊಡ್ಡವರಿಗೆಂದು ಬರೆದ ಕೆಲವು ಲೇಖನಗಳು ಸಂಸ್ಕೃತದ ಪದಗಳನ್ನು ಪೇರಿಸಿಕೊಂಡು, ಕನ್ನಡದ ಲಿಪಿಯಲ್ಲಿದ್ದೂ ಯಾರಿಗೂ ತಿಳಿಯದ ಹಾಗೆ ಕೂತಿರುತ್ತವೆ. ಅಂಥವು ಕಟ್ಟಿನಲ್ಲಿ ಬೇಡವೆಂದು ತೆಗೆದೆ. ನಾಗೇಶ ಹೆಗಡೆಯವರ ಬರಹಗಳನ್ನು ಬೇರೆಯೇ ದಾರದಲ್ಲಿ ಕಟ್ಟಿದ್ದೇನೆ. ಅವರ ಸಿಟ್ಟು ನಿನ್ನ ಸಿಟ್ಟಿಗೆ ಸರಿಹೊಂದುತ್ತದೆ. ನನ್ನ ಮೊಮ್ಮಗ ಇಲ್ಲಿ ಶಾಲೆಯಲ್ಲಿ ಜನವಿಜ್ಞಾನ ವೇದಿಕೆಯವರ ತೆಲುಗು 'ಚೆಕುಮುಕಿ' ಓದುತ್ತಾನೆ. ಓದಿ ಬಂದು ನನಗೆ ಹೇಳಿದಾಗ ನಾನು ನಿನ್ನ ಪ್ರಶ್ನೆಯನ್ನೇ ಕೇಳುತ್ತೇನೆ. ಅವನು ಮತ್ತೆ ಪುಟ ತೆರೆಯುತ್ತಾನೆ.

ಓದಿದ್ದರಿಂದ ಏನೂ ಮಾಡುವುದಿಲ್ಲ ಅಂದೆನಲ್ಲ, ಒಂದು ವಿಷಯದಲ್ಲಿ ಅದು ಪೂರಾ ನಿಜವಲ್ಲ. ಜಿನ್ನಿನಲ್ಲಿ ಅರಳೆ ಒಂದು ಕಡೆ, ಹತ್ತಿಕಾಳು ಒಂದು ಕಡೆ ಬೀಳುತ್ತದೆ. ಕಾಳಿನ ರಾಶಿಯ ಪಕ್ಕ ನಿಂತು ತೂಕ ಬರೆದುಕೊಳ್ಳುವುದು ನನ್ನ ಕೆಲಸ. ಬೇಸರಕ್ಕೆ ಒಂದು ಹಿಡಿ ಎತ್ತಿಕೊಂಡು ಬೆರಳಲ್ಲಿ ಹೊರಳಿಸುತ್ತಿದ್ದೆ. ಕೆಲವು ವರ್ಷ ಅದರಲ್ಲಿ ಜೋಡಿ ಕಾಳು ಹೆಚ್ಚು. ಎರಡು ಕಾಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಉಗುರಿನಿಂದ ಬಿಡಿಸಿದರೆ ಸಣ್ಣ ರೇಷ್ಮೆ ಎಳೆ, ಎರಡರ ಒಳಗೂ ಟೊಳ್ಳು, ಕೆಲವೊಮ್ಮೆ ನಡುವೆ ಗುಲಾಬಿ ಬಣ್ಣದ ಹುಳು ಮುದುಡಿ ಮಲಗಿರುತ್ತದೆ. ಹಮಾಲರು ಅದನ್ನು ನೋಡಿ ಸುಮ್ಮನೆ ಎಸೆಯುತ್ತಿದ್ದರು, ನಾನೂ ಎಸೆಯುತ್ತಿದ್ದೆ. ಒಂದು ಪತ್ರಿಕೆಯಲ್ಲಿ ಗುಲಾಬಿ ಕಾಯಿಕೊರಕದ ಚಿತ್ರ ನೋಡಿದಾಗ ಹೊಳೆಯಿತು: ಈ ಹುಳು ಎರಡು ಕಾಳನ್ನು ತನ್ನ ನೂಲಿನಿಂದ ಹೊಲಿದುಕೊಂಡು ಒಳಗೆ ಮಲಗಿ ಮುಂದಿನ ಹಂಗಾಮಿನವರೆಗೆ ಕಾಯುತ್ತದೆ. ಜಿನ್ನಿನ ಕಾಳುರಾಶಿಯೇ ಅದಕ್ಕೆ ಛತ್ರ.

ಅದೇ ಲೇಖನದಲ್ಲಿ ಬೀಟಿ ಹತ್ತಿಯ ಸಣ್ಣ ಪೊಟ್ಟಣದ ಗುಟ್ಟೂ ಇತ್ತು. 2002ರಲ್ಲಿ ಸರ್ಕಾರದ ಒಪ್ಪಿಗೆ ಸಿಕ್ಕ ಮೇಲೆ ಬಂತಲ್ಲ ಬೀಟಿ ಬೀಜ, ಅದರ 450 ಗ್ರಾಮಿನ ಪ್ಯಾಕೆಟಿನ ಜೊತೆ 120 ಗ್ರಾಮಿನ ಇನ್ನೊಂದು ಪೊಟ್ಟಣ ಕೊಡುತ್ತಿದ್ದರು, ಬೀಟಿ ಅಲ್ಲದ ಸಾದಾ ಬೀಜದ್ದು. ಹೊಲದ ಸುತ್ತ ಅದನ್ನು ಬಿತ್ತಬೇಕು ಅಂತ ನಿಯಮ. ನಮ್ಮವರು ಅದನ್ನು ಬದುವಿನಲ್ಲಿ ಬಿಸಾಕಿ ಬರುತ್ತಿದ್ದರು. ಹುಳು ತಿನ್ನಲೆಂದೇ ಬೀಜ ಬಿತ್ತುವ ಹುಚ್ಚ ಯಾರು? ಯಾಕೆ ಬಿತ್ತಬೇಕು ಅಂತ ಕೂಡಿಸಿಕೊಂಡು ಹೇಳಿದವರನ್ನು ನಾನಂತೂ ಕಾಣಲಿಲ್ಲ. ಲೇಖನ ಹೇಳಿತು: ಬೀಟಿ ಗಿಡ ತಿಂದೂ ಬದುಕುವ ಹುಳು ಲಕ್ಷಕ್ಕೊಂದು ಹುಟ್ಟಬಹುದು. ಸುತ್ತ ಸಾದಾ ಗಿಡಗಳಿದ್ದರೆ ಅಲ್ಲಿ ಬೆಳೆದ ಸಾದಾ ಪತಂಗಗಳು ರಾಶಿ ರಾಶಿ ಇರುತ್ತವೆ. ಗಟ್ಟಿ ಹುಳುವಿಗೆ ಸಿಗುವ ಜೋಡಿ ಅವುಗಳಲ್ಲೊಂದು, ಹುಟ್ಟುವ ಮರಿಗೆ ಆ ಗಟ್ಟಿತನ ಪೂರ್ತಿ ಬರುವುದಿಲ್ಲ, ಬೀಟಿ ಗಿಡ ಅದನ್ನು ಕೊಲ್ಲುತ್ತದೆ. ಸಾದಾ ಗಿಡವೇ ಇಲ್ಲದಿದ್ದರೆ ಗಟ್ಟಿ ಹುಳುವಿಗೆ ಗಟ್ಟಿ ಹುಳುವೇ ಜೊತೆ. ಮುಂದಿನದನ್ನು ನಾವು ಕಂಡಿದ್ದೇವೆ. ಬೀಟಿ ಕಾಯಿಯ ಒಳಗೇ ಗುಲಾಬಿ ಹುಳು ಸಂಸಾರ ಹೂಡಿತು. ಆಮೇಲೆ ನಾನು ಕಾಳಿನ ರಾಶಿಯ ಪಕ್ಕ ಕೂತ ರೈತರಿಗೆಲ್ಲ ಜೋಡಿ ಕಾಳು ಬಿಡಿಸಿ ತೋರಿಸುತ್ತಿದ್ದೆ. "ಗುಮಾಸ್ತರು ಸೈಂಟಿಸ್ಟ್ ಅಯಿಪೋಯಾರು" ಅಂತ ತಮಾಷೆ ಮಾಡಿದರು. ಮಾಡಲಿ. ಕೆಲವರು ಹುಳು ಕೈಗೆ ಹಾಕಿಸಿಕೊಂಡು ನೋಡಿದರು.

ಇನ್ನು ಮುಖ್ಯವಾದದ್ದು. ಕಟ್ಟಿನ ನಡುವೆ ಬೂದಿದಿಬ್ಬಗಳ ಮೇಲಿನ ಲೇಖನವಿದೆ, ಅದನ್ನು ಮೊದಲು ಓದಿಸು. ಅದು ನಿಮ್ಮ ರಾಯಚೂರು, ಬಳ್ಳಾರಿಯ ಕತೆ. ಕುಡತಿನಿಯ ಹತ್ತಿರದ ಬೂದಿದಿಬ್ಬಕ್ಕೆ ಭೀಮ ಕೊಂದ ಹಿಡಿಂಬನನ್ನು ಸುಟ್ಟ ಬೂದಿ ಅಂತ ಊರವರ ಕತೆ. ಇಂಗ್ಲಿಷರ ಅಧಿಕಾರಿಗಳು ಒಬ್ಬೊಬ್ಬರು ಒಂದೊಂದು ಹೇಳಿದರು: ಜ್ವಾಲಾಮುಖಿಯ ಬೂದಿ, ಕಬ್ಬಿಣ ಕರಗಿಸಿದ ಕುಲುಮೆ, ಏನೇನೋ. ಕಾರಣ, ಅದರಲ್ಲಿ ಗಾಜಿನಂತೆ ಕರಗಿ ಗಟ್ಟಿಯಾದ ಕಿಟ್ಟ ಸಿಗುತ್ತದೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇದು ದನದ ಸಗಣಿಯ ಬೂದಿ ಅಂತ ವಾದಿಸಿದ. ನಂಬುವುದು ಹೇಗೆ? ಸಗಣಿ ಸುಟ್ಟರೆ ನಮ್ಮ ಒಲೆಯಲ್ಲಿ ಗಾಜು ಬರುವುದಿಲ್ಲವಲ್ಲ! ಆದರೆ ಹುಲ್ಲಿನ ಮೈಯಲ್ಲಿ ಸಿಲಿಕ ಇರುತ್ತದೆ, ದನ ತಿಂದರೂ ಅದು ಸಗಣಿಯಲ್ಲಿ ಉಳಿಯುತ್ತದೆ. ವರ್ಷಗಟ್ಟಲೆ ಪೇರಿಸಿದ ಒಟ್ಟು ಒಮ್ಮೆಲೇ ಹೊತ್ತಿ ಉರಿದರೆ ಆ ಕಾವಿಗೆ ಸಿಲಿಕ ಬೂದಿಯ ಕ್ಷಾರದ ಜೊತೆ ಸೇರಿ ಕರಗುತ್ತದೆ. ಜೋಯ್ನರ್ ಎಂಬಾತ ಬೂದಿಯನ್ನು ಪರೀಕ್ಷಿಸಿ ಇದು ಸಗಣಿಯೇ ಅಂತ ತೋರಿಸಿದ. 1957ರಲ್ಲಿ ಆಲ್ಚಿನ್ ಕೃಷ್ಣೆಯ ಆಚೆ ಉಟ್ನೂರಿನ ದಿಬ್ಬವನ್ನು ಅಗೆದ. ಅಲ್ಲಿ ಸಿಕ್ಕಿದ್ದು ಬೇಲಿಗೆ ನೆಟ್ಟ ಗೂಟಗಳ ಕುಳಿ, ಅದರ ಒಳಗೆ ದನಗಳ ಗೊರಸಿನ ಗುರುತು. ನಾಲ್ಕೈದು ಸಾವಿರ ವರ್ಷದ ಹಿಂದೆ ಕೆಸರಿನಲ್ಲಿ ಒತ್ತಿದ ಗೊರಸು, ಅಕ್ಕಾ! ಯಾರೋ ಸಂಜೆ ಹೊಡೆದುಕೊಂಡು ಬಂದು ಕೂಡಿದ ದನ. ಆಮೇಲೆ ಕೆ. ಪದ್ದಯ್ಯನವರು ಸುರಪುರದ ಕಡೆಯ ಬೂದಿಹಾಳದಲ್ಲಿ ಅಗೆದು ದಿಬ್ಬದ ಪಕ್ಕದಲ್ಲೇ ಆ ಜನ ಬಾಳಿದ ನೆಲೆಯನ್ನು ತೋರಿಸಿದರು. ಆ ಒಟ್ಟನ್ನು ಬೇಕೆಂದೇ ಸುಟ್ಟರೋ, ಸುಟ್ಟದ್ದು ಹಬ್ಬಕ್ಕೋ ರೋಗಕ್ಕೋ ಅಂತ ವಾದ ಇನ್ನೂ ನಡೆದಿದೆ.

ಮುದಗಲ್ಲಿನ ಹತ್ತಿರದ ಪಿಕ್ಲಿಹಾಳದಲ್ಲೂ ಆಲ್ಚಿನ್ ಅಗೆದಿದ್ದ. ನಿನ್ನ ನಾದಿನಿಯ ಊರು ಅದೇ ದಿಕ್ಕಿನಲ್ಲವೇ? ಅವರ ಮನೆಯ ಹುಡುಗರು ಆ ಗುಡ್ಡದ ಕಡೆ ಹೋದರೆ ಫೋಟೋ ತೆಗೆದು ಕಳಿಸಲಿ. ಕಲ್ಲು, ಬೋಕಿ ಏನನ್ನೂ ಎತ್ತಿಕೊಂಡು ಬರಬಾರದು ಅಂತ ಗಟ್ಟಿಯಾಗಿ ಹೇಳು.

ಕಟ್ಟನ್ನು ಮೂಲೆಮನೆಯ ಹುಡುಗನ ಕೈಯಲ್ಲಿ ಕಳಿಸುತ್ತಿದ್ದೇನೆ, ಅವನಿಗೆ ರಾಯಚೂರಿನಲ್ಲಿ ಕೋರ್ಟಿನ ಕೆಲಸವಿದೆ. ಚಹಾ ಕೊಟ್ಟು ಕಳಿಸು. ಪತ್ರಿಕೆಗಳನ್ನು ನಿಮ್ಮ ಪಕ್ಕದ ಮನೆಯವರಿಗೆ ಮಾತ್ರ ಕೊಡಬೇಡ. ಹೋದ ಸಲ ಕೊಟ್ಟ 'ಕಸ್ತೂರಿ' ಅವರ ಡಬ್ಬಿಗಳ ಅಡಿಗೆ ಹಾಸಾಗಿತ್ತು. ಶ್ರಾವಣದಲ್ಲಿ ರಾಯರ ಆರಾಧನೆಗೆ ಮಂತ್ರಾಲಯಕ್ಕೆ ಬಂದರೆ ಇಲ್ಲಿಗೂ ಬರಲೇಬೇಕು, ನಾನೇ ಬಂದು ಕರೆದುಕೊಂಡು ಬರುತ್ತೇನೆ. ಕಣ್ಣಿನ ಡಾಕ್ಟರು ಆಪರೇಷನ್ನಿಗೆ ಯಾವ ದಿನ ಹೇಳಿದರು ಅಂತ ಪುಟ್ಟಿಯಿಂದ ಬರೆಯಿಸು. ಕೊರೋನಿಯಂ ವಿಷಯದಲ್ಲಿ ತಕರಾರು ಇದ್ದರೆ ಅದನ್ನೂ ಬರೆಯಿಸು.

ಇಂತಿ ನಿನ್ನ ಪ್ರೀತಿಯ,
ತಮ್ಮ